ಹೋದಲ್ಲಿಗೆ ಮತ್ತೆ ಹೋಗುವುದು

ಪರಿಚಯದ ದಂಪತಿಗಳೊಬ್ಬರು ಮದುವೆಯಾದ ಹೊಸತರಲ್ಲಿ ಅಂಡಮಾನಿಗೆ ಹೋಗಿದ್ದರು. ಹದಿನೈದನೆಯ ವರ್ಷ ಮತ್ತೆ ಅಲ್ಲಿಗೇ ಹೋಗಿ ತುಸು ಸಪ್ಪೆ ಮುಖದಿಂದ ಮರಳಿದರು. ಸಮುದ್ರವೇನೋ ಅದೇ ನೀಲಿ. ಆದರೆ ಮೊದಲು ಹೋದದ್ದು ಹ್ಯಾವ್‌ಲಾಕ್ ದ್ವೀಪಕ್ಕೆ. 2018ರಲ್ಲಿ ಅದು ಸ್ವರಾಜ್ ದ್ವೀಪವಾಗಿದೆ. "ದ್ವೀಪದ ಹೆಸರೇ ಬದಲಾದ ಮೇಲೆ ನಾವು ಬದಲಾದದ್ದೇನು ಹೆಚ್ಚು?" ಎಂದು ನಕ್ಕರು. ಆ ನಗುವಿನ ಕೆಳಗೆ ಪ್ರಶ್ನೆಯೊಂದಿತ್ತು: ಸುಖಪಟ್ಟ ಜಾಗಕ್ಕೆ ಮರಳಿ ಹೋದಾಗ ಆ ಸುಖ ಸಿಗದಿದ್ದರೆ, ಮೊದಲಿನದೂ ಸುಳ್ಳಾಗುತ್ತದೆಯೆ?

'ಮಧುಚಂದ್ರ' ನಾವು ಇಂಗ್ಲಿಷಿನಿಂದ ತಂದ ಮಾತು. ಹದಿನಾರನೆಯ ಶತಮಾನದ ಇಂಗ್ಲಿಷರು ಆ ಮಾತನ್ನು ಆಡಿದ್ದು ಅರ್ಧ ಎಚ್ಚರಿಕೆಯಾಗಿ: ಜೇನಿನಂಥ ಈ ಪ್ರೀತಿ ಚಂದ್ರನಂತೆ ಕ್ಷೀಣಿಸುತ್ತದೆ ಎಂದು. ನಾವು ಜೇನನ್ನೂ ಚಂದ್ರನನ್ನೂ ತಂದುಕೊಂಡೆವು, ಕೃಷ್ಣಪಕ್ಷವನ್ನು ಅಲ್ಲಿಯೇ ಬಿಟ್ಟೆವು.

ಮರಳಿ ಹೋಗುವುದನ್ನೇ ಒಂದು ಪ್ರಯೋಗವೆಂದು ಮಾಡಿ ನೋಡಿದ ಕಥೆ ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗಾರ್ಡನ 1843ರ 'ಪುನರಾವೃತ್ತಿ' ಎಂಬ ಪುಸ್ತಕದಲ್ಲಿದೆ. ಅದರ ನಿರೂಪಕ ಹಿಂದೆ ಸಂತೋಷಪಟ್ಟಿದ್ದ ಬರ್ಲಿನ್ನಿಗೆ ಮತ್ತೆ ಹೋಗುತ್ತಾನೆ. ಹಳೆಯ ಬಿಡಾರದ ಯಜಮಾನನಿಗೆ ಮದುವೆಯಾಗಿದೆ; ನಾಟಕಶಾಲೆಯಲ್ಲಿ ಬೇಕಾದ ಆಸನ ಸಿಗುವುದಿಲ್ಲ. ಪುನರಾವೃತ್ತಿ ಸಾಧ್ಯವೇ ಇಲ್ಲವೆಂದು ಊರಿಗೆ ಹಿಂದಿರುಗುತ್ತಾನೆ. ಪುಸ್ತಕ ಬರೆದವನು ಅದಕ್ಕೆ ಎರಡು ವರ್ಷ ಮೊದಲು ತನ್ನ ನಿಶ್ಚಿತಾರ್ಥವನ್ನು ಮುರಿದುಕೊಂಡಿದ್ದ. ನನಗೆ ಮುಖ್ಯವಾಗಿ ಕಾಣುವುದು ಒಂದೇ ಸಂಗತಿ: ಆ ನಿರೂಪಕ ಹೋದದ್ದು ಒಬ್ಬನೇ. "ಅಂದು ಹಾಗಿರಲಿಲ್ಲ" ಎನ್ನುವವರು ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ.

ನಮ್ಮ ಕಡೆ ಹೊಸ ಮದುಮಕ್ಕಳ ಮೊದಲ ಪಯಣ ಮನೆದೇವರಿಗೆ. ನಮ್ಮ ಮನೆದೇವರು ಉಜ್ಜಿನಿಯ ಮರುಳಸಿದ್ಧೇಶ್ವರ. 2004ರ ಬೇಸಿಗೆಯಲ್ಲಿ ಟೆಂಪೋ ತುಂಬ ನೆಂಟರನ್ನು ಹೇರಿಕೊಂಡು ಹೋದೆವು. ಮಧುಚಂದ್ರವೆಂದರೆ ನಮಗೆ ಅಷ್ಟೇ. ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂದು ಆ ಸೀಮೆಯವರು ಹೇಳುವುದುಂಟು. ಒಳಗಿನ ಛತ್ತಿನ ಕೆತ್ತನೆಯನ್ನು ಕತ್ತೆತ್ತಿ ನೋಡುತ್ತ, ಪಕ್ಕದಲ್ಲಿ ಈಕೆ ನಿಂತಿದ್ದಾಳೆ ಎಂಬ ಅರಿವಿನಲ್ಲಿ ನಾನು ಪಟ್ಟ ಸಂತೋಷವನ್ನು ಆಮೇಲೆ ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ.

ಇಪ್ಪತ್ತು ವರ್ಷ ತುಂಬಿದಾಗ, 2024ರಲ್ಲಿ, ಇಬ್ಬರೇ ಹೋದೆವು. ಅಂಡಮಾನಿನ ದ್ವೀಪದಂತೆ ಉಜ್ಜಿನಿಯ ವಿಳಾಸವೂ ಬದಲಾಗಿತ್ತು. ಅಂದು ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕು. ಈಗ ಕೊಟ್ಟೂರು ತಾಲ್ಲೂಕು, 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆ. ನಮ್ಮಜ್ಜ ಮದುವೆಯಾದಾಗಲಂತೂ ಅದು ಮದರಾಸಿಗೆ ಸೇರಿತ್ತು, ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ರಂದು. ಕಲ್ಲು ಮಾತ್ರ ಕದಲಿಲ್ಲ.

ಛತ್ತಿನ ಕೆಳಗೆ ನಿಂತು, "ಅವತ್ತು ನಾವು ಎಷ್ಟು ಸಂತೋಷವಾಗಿದ್ದೆವು!" ಎಂದೆ.

"ನನಗೆ ಛತ್ತು ನೆನಪಿಲ್ರೀ," ಎಂದಳು ನನ್ನಾಕೆ. "ಹಾಸುಗಲ್ಲು ಕಾಲು ಸುಟ್ಟದ್ದು ನೆನಪೈತಿ. ನಮ್ಮವ್ವ ಬಸ್ ಸ್ಟ್ಯಾಂಡಿನಾಗ ಕಣ್ಣು ಒರಸಿಕೊಂಡದ್ದು ನೆನಪೈತಿ. ಅತ್ತಿ ನೋಡ್ಯಾರೆಂದು ಅಳೂ ತಡಕೊಂಡು ನಿಂತಿದ್ದೆ."

ಆಕೆ ದೂರಲಿಲ್ಲ; ಇದ್ದುದನ್ನು ಹೇಳಿದಳು.

ನೆರೆಯ ತೆಲುಗಿನಲ್ಲಿ ಕೇಳುವವರನ್ನು ಸೇರಿಸಿಕೊಂಡ 'ಮನಮು' ಬೇರೆ, ಬಿಟ್ಟ 'ಮೇಮು' ಬೇರೆ. ನಮ್ಮ ಈಗಿನ 'ನಾವು' ಎರಡಕ್ಕೂ ಒಂದೇ. ಇಪ್ಪತ್ತು ವರ್ಷ ನಾನು ಹೇಳಿದ 'ನಾವು' ಯಾವುದು? ಇಬ್ಬರೂ ಪಡದ ಸಂತೋಷ ದಾಂಪತ್ಯದ ಸಂತೋಷವೇ ಅಲ್ಲವೆಂದು ಯಾರಾದರೂ ಕಟುವಾಗಿ ವಾದಿಸಬಹುದು. ನಾನು ಒಪ್ಪಲಾರೆ. ಹಾಗಾದರೆ ಕಳೆದ ಪ್ರತಿ ದಿನವೂ ಮುಂದೆಂದೋ ನಡೆಯುವ ವಿಚಾರಣೆಗೆ ಕೈಕಟ್ಟಿ ಕಾದಿರಬೇಕಾಗುತ್ತದೆ. ಅವರವರ ನೆನಪು ಅವರವರಿಗೆ ಎಂದುಬಿಡುವುದೂ ಸರಿಯಲ್ಲ. ಅದು ಒಂದು ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ನನ್ನ ಸಂತೋಷ ನಿಜ, ಆಕೆಯ ದುಃಖವೂ ನಿಜ. ಒಂದೇ ಮಂಟಪದಲ್ಲಿ ಮೊಳದಂತರದಲ್ಲಿ ಎರಡೂ ನಿಂತಿದ್ದವು. ಒಂದನ್ನು ಹೇಳುವಾಗ ಇನ್ನೊಂದನ್ನೂ ಹೇಳುವ ಹೊಣೆ ಮಾತ್ರ ಈಗ ಹೊಸದಾಗಿ ಬಂದಿದೆ. ಬರ್ಲಿನ್ನಿಗೆ ಒಬ್ಬನೇ ಹೋದವನಿಗೆ ಈ ಹೊಣೆಯಿರಲಿಲ್ಲ, ಈ ಲಾಭವೂ ಇರಲಿಲ್ಲ.

ಉಜ್ಜಿನಿಯಲ್ಲಿ ವರ್ಷಕ್ಕೊಮ್ಮೆ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ. ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರಬೇಕು, ಶಿಖರವೆಲ್ಲ ತೊಯ್ಯಬೇಕು. ಹೋದ ವರ್ಷದ ಎಣ್ಣೆಯೇ ಚೆನ್ನಾಗಿತ್ತೆಂದು ಅಲ್ಲಿ ಯಾರೂ ಹೋಲಿಸುವುದಿಲ್ಲ. ದೇವರ ಕೆಲಸದಲ್ಲಿ ಅದು ಸುಲಭ. ಗಂಡಹೆಂಡಿರಿಗೆ ಅಷ್ಟು ಸುಲಭವಲ್ಲ.

ಈಗ ಮಕ್ಕಳಿಗೆ ಆ ಪಯಣದ ಕಥೆಯನ್ನು ನಾನು ಛತ್ತಿನಿಂದ ಆರಂಭಿಸುತ್ತೇನೆ, ಆಕೆ ಹಾಸುಗಲ್ಲಿನಿಂದ. ಟೆಂಪೋದಲ್ಲಿ ಎಷ್ಟು ಜನರಿದ್ದಿರಿ ಎಂದು ಮಗಳು ನಡುವೆ ಬಾಯಿ ಹಾಕುತ್ತಾಳೆ. ಹದಿನೈದು ಎಂದು ನಾನು. ಹದಿನೇಳು ಎಂದು ಆಕೆ.