ವಾಯಿದೆ ವ್ಯಾಪಾರಕ್ಕೆ ಬಂಡವಾಳ ಎಷ್ಟಿರಬೇಕು?



ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆಯಲ್ಲಿ, ಕೊಲ್ಹಾಪುರದ ಬೆಲ್ಲದ ಅಡತಿಗಳಲ್ಲಿ, ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಈಗ ಒಂದು ಮಾತು ಮೇಲಿಂದ ಮೇಲೆ ನಮ್ಮ ಕಿವಿಗೆ ಬೀಳುತ್ತಿದೆ. ತರುಣರು ಮೊಬೈಲಿನಲ್ಲಿ ಫ್ಯೂಚರ್ಸ್, ಅಂದರೆ ವಾಯಿದೆ ವ್ಯಾಪಾರ ಮಾಡುತ್ತಾರೆ. ಮುಂಜಾನೆ ಕೊಂಡು ಸಂಜೆಯೊಳಗೆ ಮಾರಿಬಿಡುತ್ತಾರೆ. "ಇದಕ್ಕೆ ಕೈಯಾಗ ಎಷ್ಟು ರೊಕ್ಕ ಇರಬೇಕ್ರೀ?" ಎಂದು ಕೇಳುತ್ತಾರೆ. ಪ್ರಶ್ನೆ ಲೆಕ್ಕದ್ದು, ಆದರೆ ಅದರೊಳಗೆ ಧರ್ಮದ ಪ್ರಶ್ನೆಯೊಂದು ಅಡಗಿದೆ.

ವಾಯಿದೆ ಎಂಬುದು ಮೂಲದಲ್ಲಿ ಕೆಟ್ಟದ್ದಲ್ಲ. ಅರಿಷಿಣ ದಾಸ್ತಾನು ಮಾಡಿದ ಸಾಂಗಲಿಯ ವ್ಯಾಪಾರಿಗೆ ಮುಂದೆ ದರ ಬಿದ್ದೀತೆಂಬ ಭಯವಿರುತ್ತದೆ. ಅವನು ಮುಂದಿನ ತಿಂಗಳ ದರವನ್ನು ಇಂದೇ ಗೊತ್ತುಮಾಡಿಕೊಂಡರೆ ಅದು ಜಾಣತನ. ಅವನ ಗೋದಾಮಿನಲ್ಲಿ ಮಾಲು ಇದೆ. ದಿನದ ವಾಯಿದೆ ಮಾಡುವವನಲ್ಲಿ ಮಾಲು ಇಲ್ಲ. ದರ ಏರೀತು, ಇಳಿದೀತು ಎಂಬ ಅಂದಾಜು ಮಾತ್ರ ಇದೆ.

ಈಗ ಲೆಕ್ಕ ನೋಡೋಣ. 2024ರ ನವೆಂಬರ್ 20ರಿಂದ ಶೇರುಪೇಟೆಯ ಸೂಚ್ಯಂಕದ ಹೊಸ ಕರಾರುಗಳ ಮೌಲ್ಯ ಕನಿಷ್ಠ 15 ಲಕ್ಷ ರೂಪಾಯಿ ಇರಬೇಕೆಂದು ಸೆಬಿ ನಿಯಮ ಮಾಡಿತು. ಇದಕ್ಕೆ ಇಡಬೇಕಾದ ಮುಂಗಡ ಸುಮಾರು 2 ಲಕ್ಷ ಎಂದು ಹಿಡಿಯೋಣ. ತರುಣನು 2 ಲಕ್ಷವೇ ತನ್ನ ಬಂಡವಾಳ ಎಂದು ತಿಳಿಯುತ್ತಾನೆ. ಆದರೆ ಲಾಭ ಹಾನಿ ಎರಡೂ 15 ಲಕ್ಷದ ಮೇಲೆಯೇ ಆಗುತ್ತವೆ. ಪೇಟೆ ಶೇಕಡಾ 1ರಷ್ಟು ಅವನ ವಿರುದ್ಧ ಸರಿದರೆ 15,000 ರೂಪಾಯಿ ಹೋಯಿತು. 2024ರ ಜೂನ್ 4ರಂದು, ಲೋಕಸಭೆಯ ಫಲಿತಾಂಶದ ದಿನ, ನಿಫ್ಟಿ ಸುಮಾರು ಶೇಕಡಾ 6ರಷ್ಟು ಕುಸಿಯಿತು. ಅಂಥ ದಿನ 15 ಲಕ್ಷದ ಕರಾರು ಕೊಂಡು ಕುಳಿತವನಿಗೆ ಹಾನಿ 90,000. ಮುಂಗಡದ ಹತ್ತಿರ ಹತ್ತಿರ ಅರ್ಧ ಒಂದೇ ದಿನಕ್ಕೆ ಮುಗಿಯಿತು.

ಒಂದು ದಿನದ ಹಾನಿ ಗಂಟಿನ ನೂರರಲ್ಲಿ ಒಂದು ಪಾಲು ಮೀರಬಾರದೆಂದು ಎಚ್ಚರದ ವ್ಯಾಪಾರಿ ಬಯಸಿದರೆ, ಶೇಕಡಾ 1ರ ಏರಿಳಿತಕ್ಕೇ 15 ಲಕ್ಷದ ಗಂಟು ಬೇಕು. ಅದೂ ಹೋದರೂ ಮನೆ ನಡೆಯುವಂಥ ಗಂಟಾಗಿರಬೇಕು. ಕಬ್ಬಿನ ಬಿಲ್ಲು, ಬೀಜ ಗೊಬ್ಬರದ ಹಣ, ನೂಲಿನ ವ್ಯಾಪಾರಿಗೆ ಕೊಡಬೇಕಾದ ಬಾಕಿ, ಮಗಳ ಶಾಲೆಯ ಫೀ, ಹೆಂಡತಿಯ ಬಂಗಾರ ಅಡವಿಟ್ಟ ಸಾಲ, ಇವು ಯಾವುವೂ ಈ ಗಂಟಿಗೆ ಸೇರಬಾರದು. ಇವನ್ನೆಲ್ಲ ಕಳೆದ ಮೇಲೆ ಎಷ್ಟು ಮನೆಗಳಲ್ಲಿ 15 ಲಕ್ಷ ಉಳಿಯುತ್ತದೆ?

ದೊಡ್ಡ ಗಂಟಿದ್ದರೆ ಗೆಲುವು ಖಾತ್ರಿಯೇ? ಅದೂ ಅಲ್ಲ. 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಶೇರುಪೇಟೆಯ ಫ್ಯೂಚರ್ಸ್ ಹಾಗೂ ಆಪ್ಷನ್ಸ್‌ನಲ್ಲಿ ತೊಡಗಿದ 1 ಕೋಟಿಗೂ ಹೆಚ್ಚು ಜನರ ಲೆಕ್ಕವನ್ನು ಸೆಬಿ ಪರಿಶೀಲಿಸಿತು. ನೂರರಲ್ಲಿ 93 ಜನ ಕಳೆದುಕೊಂಡಿದ್ದರು. ಒಟ್ಟು ಹಾನಿ 1.8 ಲಕ್ಷ ಕೋಟಿ ರೂಪಾಯಿಗೂ ಮೀರಿತ್ತು. ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರರಲ್ಲಿ ಒಬ್ಬರು ಮಾತ್ರ. ಇಲ್ಲಿ ಒಬ್ಬನ ಲಾಭ ಇನ್ನೊಬ್ಬನ ಹಾನಿ. ದಲಾಲಿ ಮತ್ತು ತೆರಿಗೆ ಇಬ್ಬರಿಂದಲೂ ಕಡಿತ.

"ಒಕ್ಕಲುತನವೂ ಜೂಜೇ ಅಲ್ಲವೇ? ಮಳೆ ಬಂದರೆ ಬಂತು" ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಮಾತು ಹಗುರವಾದದ್ದಲ್ಲ. ರೈತನೂ ಅಪಾಯ ಹೊರುತ್ತಾನೆ. ಆದರೆ ಅವನು ಬೆಳೆ ತರಲೆಂದು ಅಪಾಯ ಹೊರುತ್ತಾನೆ. ದರ ಬಿದ್ದು ಅವನಿಗೆ ಹಾನಿಯಾದರೂ ಅವನ ಕಬ್ಬು ಬೆಲ್ಲವಾಗಿ ಯಾರದೋ ಮನೆ ಸೇರುತ್ತದೆ. ದಿನದ ವಾಯಿದೆಯಲ್ಲಿ ಸೋತವನ ಹಿಂದೆ ಏನೂ ಉಳಿಯುವುದಿಲ್ಲ. ವ್ಯಾಪಾರಿಯ ಅಪಾಯವನ್ನು ಹೊರುವವನೂ ಪೇಟೆಗೆ ಬೇಕು ಎಂಬುದು ನಿಜ. ಅದು ಬಲವುಳ್ಳವನ ಹೊರೆ. ಸಾಲದ ಬೆನ್ನಿನ ಮೇಲೆ ಹೊರುವಂಥದ್ದಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆ ನಮಗೆಲ್ಲ ಗೊತ್ತು. ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಒಯ್ಯಲು ಹೇಳಿದರು. ತಂದದ್ದು ಏನೆಂದು ಮನೆಯಲ್ಲಿ ತೆರೆದು ತೋರಿಸುವ ರೂಢಿ ಅಲ್ಲಿತ್ತು. ಇಂದು ತರುಣನು ಗೆದ್ದದ್ದನ್ನು ಹೇಳುತ್ತಾನೆ, ಸೋತದ್ದನ್ನು ಮುಚ್ಚಿಡುತ್ತಾನೆ. ಸೋತವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಮತ್ತೆ ಅದೇ ಆಟಕ್ಕೆ ಮರಳಿದರೆಂದು ಸೆಬಿಯ ವರದಿಯೇ ಹೇಳುತ್ತದೆ. ಮುಚ್ಚಿಟ್ಟ ಹಾನಿಯೇ ಸಾಲವಾಗಿ ಬೆಳೆಯುತ್ತದೆ.

ಆದ್ದರಿಂದ ಎಷ್ಟು ಬಂಡವಾಳ ಎಂದು ಕೇಳುವ ಮೊದಲು, ಅದು ಯಾರ ಹಣ, ಮನೆಯವರಿಗೆ ತಿಳಿದಿದೆಯೇ ಎಂದು ಕೇಳಿಕೊಳ್ಳಿರಿ. ಮನೆಯಲ್ಲಿ ಹೇಳಲಾರದ ಹಣವನ್ನು ಪೇಟೆಗೆ ಹಾಕಬೇಡಿರಿ. ಈಗಾಗಲೇ ಕಳೆದುಕೊಂಡವರು ಇವತ್ತೇ ಮನೆಯಲ್ಲಿ ಹೇಳಿರಿ. ಹಿರಿಯರೂ ಬೈಯುವ ಮೊದಲು ಒಂದು ಗಳಿಗೆ ಕೂತು ಕೇಳಿರಿ. ಹಣ ಹೋದರೂ ಮಗ ಮನೆಯಲ್ಲಿ ಉಳಿಯಬೇಕು.