ಸೀಸೆಯೊಳಗಿನ ಹೇರಳೆ

ಕಣ್ಣೀರಿಗೂ ಅಸಲಿ ನಕಲಿ ಎಂಬ ಭೇದವುಂಟೆ? ಹೋದ ತಿಂಗಳು ನನ್ನ ತಂಗಿಯ ಮಗ ಸ್ಪೇನಿನಿಂದ ಬಂದಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ಅವನು ತಂದುಕೊಟ್ಟದ್ದು ಹೆಬ್ಬೆರಳ ಗಾತ್ರದ ಒಂದು ಸೆಂಟಿನ ಸೀಸೆ. "ಸೆವಿಲ್ ಊರಿನ ಬೀದಿಬೀದಿಯಲ್ಲೂ ಕಹಿ ಕಿತ್ತಳೆ ಮರ, ಮಾಮ. 40,000ಕ್ಕೂ ಹೆಚ್ಚು. ವಸಂತದಲ್ಲಿ ಹೂ ಬಿಟ್ಟರೆ ಊರೆಲ್ಲ ಘಮಘಮ. ಹಣ್ಣು ಮಾತ್ರ ಬಾಯಿಗಿಡುವ ಹಾಗಿಲ್ಲ" ಎಂದು ಹೇಳಿ ನನ್ನ ಮಣಿಕಟ್ಟಿಗೆ ಒಂದು ತೊಟ್ಟು ಹಚ್ಚಿದ. ಸೆಂಟು ಹಾಕಿಕೊಳ್ಳುವವರನ್ನು ಕಂಡರೆ ಒಳಗೊಳಗೇ ನಗುವ ಜಾತಿ ನನ್ನದು. ಹುಡುಗನ ಮನಸ್ಸು ನೋಯಬಾರದೆಂದು ಮೂಸಿದೆ.

ಮೊದಲು ಹಣ್ಣಿನ ಸಿಪ್ಪೆ ಸುಲಿದ ಹಾಗೆ ಚುರುಕು ವಾಸನೆ, ಆಮೇಲೆ ಹೂವು. ಅದೂ ಇಳಿಯುತ್ತ ಬಂದಾಗ, ಹಸಿರೆಲೆಯನ್ನು ಬೆರಳಲ್ಲಿ ಹೊಸಕಿದಂತೆ ಒಂದು ಒಗರು, ಒಂದು ಕಹಿ. ಅಲ್ಲಿಗೆ ನಾನು ನಿಂತುಬಿಟ್ಟೆ. ನಮ್ಮ ಹಳೆಯ ಮನೆಯ ಬಾವಿಕಟ್ಟೆಯ ಪಕ್ಕದ ಹೇರಳೆ ಮರ ಅದು. ಅದಕ್ಕಿಂತ ಹೆಚ್ಚಾಗಿ, ಅಮ್ಮನ ಕೈ. ಆಕೆ ಹೇರಳೆಕಾಯಿ ಹೆಚ್ಚಿ, ಬೇಯಿಸಿ, ಬೆಲ್ಲ ಹಾಕಿ ಗೊಜ್ಜು ಮಾಡುತ್ತಿದ್ದಳು. ಎಷ್ಟು ಬೆಲ್ಲ ಹಾಕಿದರೂ ಕೊನೆಯಲ್ಲಿ ಕಹಿ ಉಳಿದೇ ಉಳಿಯುತ್ತಿತ್ತು. ನನಗೆ ಜ್ವರ ಬಂದಾಗ ಹಣೆಯ ಮೇಲಿಟ್ಟ ಕೈಯಲ್ಲೂ ಅದೇ ವಾಸನೆ.

ಅಮ್ಮ ತೀರಿಕೊಂಡು ಹನ್ನೊಂದು ವರ್ಷ. ಅಂದು ಪುರೋಹಿತರು, ನೆಂಟರು, ಲೆಕ್ಕಪತ್ರ ಎಂದು ಓಡಾಡಿದೆನೇ ಹೊರತು ನನ್ನ ಕಣ್ಣು ಒದ್ದೆಯಾಗಲಿಲ್ಲ. ಕೆಲವರು ಗಟ್ಟಿಗ ಎಂದರು, ಕೆಲವರು ಕಲ್ಲು ಎಂದರು. ಎರಡನೆಯ ಮಾತನ್ನೇ ನಾನೂ ನಂಬಿದ್ದೆ. ಈಗ ಸೋದರಳಿಯನ ಮುಂದೆ, ಒಂದು ತೊಟ್ಟು ಸೆಂಟಿಗೆ, ಅತ್ತುಬಿಟ್ಟೆ.

ಅತ್ತ ಮೇಲೆ ನಾಚಿಕೆಯಾಯಿತು. ನಾಚಿಕೆಯಾದಾಗ ಪುಸ್ತಕ ತೆಗೆಯುವುದು ನನ್ನ ಅಭ್ಯಾಸ. ಒಂದೇ ಮರದ ಸಿಪ್ಪೆಯಿಂದ ಒಂದು ತೈಲ, ಎಲೆ ಮತ್ತು ಎಳೆಯ ಕಡ್ಡಿಗಳಿಂದ ಇನ್ನೊಂದು, ಹೂವಿನಿಂದ ಮತ್ತೊಂದು. ಹೂವಿನ ತೈಲಕ್ಕೆ ನೆರೋಲಿ ಎಂದು ಹೆಸರು. 17ನೆಯ ಶತಮಾನದಲ್ಲಿ ಇಟಲಿಯ ನೆರೋಲಾದ ರಾಜಕುಮಾರಿಯೊಬ್ಬಳು ಅದನ್ನು ಕೈಗವಸಿಗೂ ಸ್ನಾನಕ್ಕೂ ಬಳಸಿ ಪ್ರಸಿದ್ಧಿಗೆ ತಂದಳಂತೆ. ಒಂದು ಕಿಲೋ ತೈಲಕ್ಕೆ ಸುಮಾರು 1,000 ಕಿಲೋ ಹೂವು ಬೇಕು. ಆದ್ದರಿಂದ ಅಗ್ಗದ ಸೀಸೆಗಳಲ್ಲಿ ಹೂವಿನ ಪಾಲು ಎಷ್ಟಿದ್ದೀತು? ಆ ಹೂವಿನಲ್ಲೂ ನಮ್ಮ ಕೊತ್ತಂಬರಿ ಬೀಜದಲ್ಲೂ ಇರುವ ಲಿನಲೂಲ್ ಎಂಬ ವಸ್ತುವನ್ನು ಕಾರ್ಖಾನೆಗಳಲ್ಲಿ ಪೈನ್ ಮರದ ಟರ್ಪೆಂಟೈನಿನಿಂದಲೂ ಮಾಡುತ್ತಾರೆ. ಹಾಗಾದರೆ ನಾನು ಅತ್ತದ್ದು ಅಮ್ಮನಿಗೋ, ಟರ್ಪೆಂಟೈನಿಗೋ?

ನಾಟಕದ ಹರಿಶ್ಚಂದ್ರನಿಗೆ ಅತ್ತವರನ್ನು ಯಾರೂ ಸುಳ್ಳರೆನ್ನುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ನಮ್ಮ ನಾರಂಗವೇ ಪರ್ಷಿಯಾ, ಅರಬ್ಬರ ನಾಡುಗಳನ್ನು ದಾಟಿ ಸ್ಪೇನಿನಲ್ಲಿ ನರಂಹ ಆಯಿತು, ಹೇರಳೆಗೂ ಆ ಮರಕ್ಕೂ ನೆಂಟಸ್ತಿಕೆ ಉಂಟು ಎಂದೂ ವಾದ ಹೂಡಿದೆ. ಇವೆಲ್ಲ ವಕೀಲರ ಮಾತು.

ನಿಜವಾದ ತೊಡಕು ಮಾರನೆಯ ದಿನ ಬಂತು. ಬಾಗಿಲು ಹಾಕಿಕೊಂಡು ನಾನೇ ಸೀಸೆ ತೆರೆದೆ. ಅಮ್ಮ ಬಂದಳು, ಸ್ವಲ್ಪ ದೂರದಲ್ಲಿ. ಮೂರನೆಯ ದಿನ ಸೆಂಟಿನ ವಾಸನೆ ಬಂತು, ಅಷ್ಟೆ. ನಾಲ್ಕನೆಯ ದಿನ ಸೀಸೆಯಿಲ್ಲದೆ ಆ ಕೈಯನ್ನು ನೆನೆಯಹೋದರೆ ಸೀಸೆಯ ವಾಸನೆಯೇ ಎದುರಿಗೆ ಬಂತು. ನನಗೆ ಭಯವಾಯಿತು. ಮೊದಲ ದಿನ ಕರೆಯದೆ ಬಂದ ದುಃಖವನ್ನು ನಾನು ಔಷಧಿಯಂತೆ ಹೊತ್ತುಹೊತ್ತಿಗೆ ಕುಡಿಯಹೊರಟಿದ್ದೆ. ನಕಲಿ ಏನಾದರೂ ಇದ್ದರೆ ಅದು ಇಲ್ಲಿರಬೇಕು. ಹಾಗೆಂದು ಎಸೆಯಲೂ ಮನಸ್ಸಿಲ್ಲ. ಅದಿಲ್ಲದಿದ್ದರೆ ನಾನು ಕಲ್ಲೆಂದೇ ನಂಬಿಕೊಂಡು ಸಾಯುತ್ತಿದ್ದೆ.

ಕಳೆದ ಭಾನುವಾರ ತಂಗಿ ಬಂದಿದ್ದಳು. ಅಮ್ಮನ ಕೊನೆಯ ದಿನಗಳಲ್ಲಿ ಶುಶ್ರೂಷೆ ಮಾಡಿದವಳು ಅವಳು. ಏನೂ ಹೇಳದೆ ಸೀಸೆ ಕೊಟ್ಟೆ. ಮೂಸಿ, ಚೆನ್ನಾಗಿದೆ ಎಂದಳು. "ಅಮ್ಮನ ಕೈಯ ಹಾಗಿಲ್ಲವೇನೇ?" ಎಂದೆ.

"ಅಮ್ಮನ ಕೈಯೆ?" ಎಂದು ನನ್ನ ಮುಖ ನೋಡಿದಳು. "ಅದು ಇಂಗಿನ ವಾಸನೆಯಲ್ಲವೆ, ಅಣ್ಣ?"