ಎರವಿನ ಸರ್ಪ

ಕಲ್ಲೋಳಿಯ ರೈತನು ತನ್ನ ಆಕಳನ್ನು ನೆರೆಯವನ ಹೋರಿಗೆ ಬಿಡಿಸಿಕೊಂಡು ಬಂದರೆ, ಹುಟ್ಟಿದ ಕರು ಯಾರದೆಂಬ ವಿವಾದವೇ ಏಳುವುದಿಲ್ಲ. ಅದು ಆಕಳ ಒಡೆಯನದು. ಮನುಸ್ಮೃತಿಯ 9ನೆಯ ಅಧ್ಯಾಯವೂ ಹೀಗೆಯೇ ವಿಧಿಸಿ, ಮೊದಲೇ ಒಡಂಬಡಿಕೆಯಾಗಿದ್ದರೆ ಮಾತ್ರ ಬೀಜದವನಿಗೂ ಭಾಗವುಂಟೆನ್ನುತ್ತದೆ. ಯೂರೋಪು, ಅಮೆರಿಕಗಳಲ್ಲಿ ಆಫ್ರಿಕದ ಹೆಬ್ಬಾವುಗಳನ್ನು ಸಾಕುವವರು ಗಂಡುಹಾವನ್ನು ಸಂತಾನಾರ್ಥವಾಗಿ ಎರವು ಪಡೆದು ಮರಿಗಳನ್ನು ಹಂಚಿಕೊಳ್ಳುವುದು ಇಂಥ ಒಡಂಬಡಿಕೆಯಿಂದಲೇ. ಭಾರತದಲ್ಲಿಯಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಕೊಡುಕೊಳ್ಳುವಿಕೆಯು ಮೃಗಾಲಯಗಳಿಗೆ, ಅದೂ ಕೇಂದ್ರ ಮೃಗಾಲಯ ಪ್ರಾಧಿಕಾರದ ಅನುಮತಿಯಿಂದ, ಸಲ್ಲುತ್ತದೆ. ಮಂಗಳೂರಿನ ಪಿಲಿಕುಳದಲ್ಲಿ ಕಾಳಿಂಗಸರ್ಪಗಳು ಸೆರೆಯಲ್ಲಿಯೇ ಮರಿಮಾಡಿವೆ.

ಪಾಲಿನ ಪ್ರಶ್ನೆ ಸುಲಭವಾದುದು. ಎರವಿನ ಪ್ರಾಣಿಯು ಸತ್ತರೆ ಹೊಣೆ ಯಾರದೆಂಬುದೇ ಕಠಿನ. ನಿಕ್ಷೇಪವು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದರೆ ಇಟ್ಟುಕೊಂಡವನು ತೆರಬೇಕಾಗಿಲ್ಲವೆಂದು ಹೇಳಿದ ಯಾಜ್ಞವಲ್ಕ್ಯನು, ಯಾಚಿತ ವಸ್ತುವಿಗೂ ಆ ನಿಯಮವನ್ನೇ ಅನ್ವಯಿಸಿದ್ದಾನೆ. ಆದರೆ ಯಾವುದು ದೈವ? ಹೋರಿಯು ಮೇವು ಬಿಟ್ಟರೆ ಓಣಿಗೆಲ್ಲ ತಿಳಿಯುತ್ತದೆ. ಹಾವಿಗೆ ಕೂಗಿಲ್ಲ, ನರಳಾಟವಿಲ್ಲ. ಗಂಡು ಹೆಬ್ಬಾವು ಬೆದೆಗಾಲದಲ್ಲಿ ಸಹಜವಾಗಿಯೇ ತಿಂಗಳುಗಟ್ಟಲೆ ಉಪವಾಸವಿರುವುದುಂಟು. ಪರರ ಮನೆಯ ಹಾವಿನಿಂದ ಅಂಟಿದ ಶ್ವಾಸರೋಗದ ಉಪವಾಸವೂ ಹೊರನೋಟಕ್ಕೆ ಅದರಂತೆಯೇ ಇರುತ್ತದೆ. ಅದು ಸತ್ತ ದಿನ ‘ದೈವೇಚ್ಛೆ’ ಎಂದುಬಿಟ್ಟರೆ ಅಲ್ಲವೆನ್ನಲು ಸಾಕ್ಷಿಯೆಲ್ಲಿ? (ಮರಿಗಳ ಪಾಲನ್ನು ಮಾತ್ರ ಪತ್ರದಲ್ಲಿ ಬಲು ಸ್ಪಷ್ಟವಾಗಿ ಬರೆದಿರುತ್ತಾರೆ!)

ಆದಕಾರಣ ಕೊಡುವವನು ಹಾವಿನ ತೂಕವನ್ನು ಬರೆದಿಟ್ಟೇ ಕೊಡಬೇಕು. ಪಡೆದವನು ಅದನ್ನು ಕೆಲವು ವಾರ ಪ್ರತ್ಯೇಕವಾಗಿಟ್ಟು ನೋಡಿ, ಆಮೇಲೆ ಹೆಣ್ಣಿನೊಡನೆ ಬಿಡಬೇಕು. ವಾರವಾರವೂ ತೂಗಿ ತಿಳಿಸಬೇಕು. ತೂಕವು ಇಳಿಯುತ್ತಿದ್ದುದನ್ನು ಕಂಡೂ ಇನ್ನೊಂದು ಹೆಣ್ಣಿಗೆ ಬಿಟ್ಟವನು ಯಾಜ್ಞವಲ್ಕ್ಯನ ವಿನಾಯಿತಿಯನ್ನು ಬೇಡಲಾರನು. ಅವನು ಸತ್ತ ಹಾವಿನ ಬೆಲೆಯನ್ನೂ ತೆರಬೇಕು, ಮರಿಗಳಲ್ಲಿಯ ತನ್ನ ಪಾಲನ್ನೂ ಬಿಡಬೇಕು.